ಮಿಡಿಯೂ ಮೀಂಡವೂ

ಅಕ್ಷರವನ್ನು ಬರೆಯುವುದು ಸುಲಭ. ಆ ಅಕ್ಷರವನ್ನು ನುಡಿಯುವ ಬಗೆಯನ್ನು ಬರೆದಿಡುವುದು ಕಷ್ಟ. ‘ಬಾ’ ಎಂಬುದು ಒಂದೇ ಅಕ್ಷರ. ತಾಯಿಯು ಅಂಬೆಗಾಲಿಡುವ ಕೂಸನ್ನು ಬಾ ಎನ್ನುವಳು. ಮಾಸ್ತರನು ಪಾಠ ಒಪ್ಪಿಸದ ಹುಡುಗನನ್ನು ಬಾ ಎನ್ನುವನು. ಬಹುದಿನದ ಮೇಲೆ ಕಂಡ ಗೆಳೆಯನನ್ನು ನಾವು ಬಾ ಎನ್ನುವೆವು. ಕಾಗದದ ಮೇಲೆ ಮೂರೂ ಒಂದೇ. ಕಿವಿಗೆ ಮೂರೂ ಬೇರೆ. ಮೂವತ್ತನಾಲ್ಕು ವರ್ಷ ಹುಡುಗರಿಗೆ ಕನ್ನಡ ಸಂಸ್ಕೃತಗಳನ್ನು ಕಲಿಸಿ ಹೋದ ವರ್ಷ ನಿವೃತ್ತನಾದ ನಾನು ಈ ಮಾತನ್ನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೆನು. ಆದರೆ ಅದರ ಅರ್ಥವು ನನಗೆ ನಿಜವಾಗಿ ತಿಳಿದುದು ಈ ಮಳೆಗಾಲದಲ್ಲಿ. ತಿಳಿಸಿಕೊಟ್ಟವರು ನನ್ನ ಹಿರಿಯಣ್ಣ, ನನ್ನ ಕಿರಿಯ ಮಗಳು, ಮತ್ತು ಅವಳ ಮೇಜಿನ ಮೇಲಿರುವ ಒಂದು ಯಂತ್ರ.

ನಾನಿರುವುದು ಬೆಳಗಾವಿಯ ಟಿಳಕವಾಡಿಯಲ್ಲಿ, ಅಣ್ಣನಿರುವುದು ಖಾನಾಪುರದಲ್ಲಿ. ರೈಲಿನಲ್ಲಿ ಕುಳಿತರೆ ದೇಸೂರು, ಇದಲಹೊಂಡ ದಾಟಿದ ಕೂಡಲೆ ಖಾನಾಪುರವು ಬರುವುದು. ದೂರವು ಹೆಚ್ಚೇನೂ ಅಲ್ಲ. ಆದರೆ ಎರಡೂರಿನ ಮಳೆಗಳು ಬೇರೆ. ಬೆಳಗಾವಿಯಲ್ಲಿ ಕೊಡೆ ಮಡಿಚಿಕೊಂಡು ಹತ್ತಿದವನು ಖಾನಾಪುರದಲ್ಲಿ ಕೊಡೆ ಬಿಚ್ಚಿಕೊಂಡೇ ಇಳಿಯಬೇಕು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಇಲ್ಲಿಗೆ ಬರುವಷ್ಟರಲ್ಲಿ ಆಷಾಢದ ಕೆಂಪು ನೀರನ್ನು ತುಂಬಿಕೊಂಡು ದೊಡ್ಡ ಹೊಳೆಯೇ ಆಗಿರುವಳು. ಇಲ್ಲಿಯ ಮಣ್ಣು ಹಂಚಿಗೂ ಮಡಕೆಗೂ ಹೆಸರಾದುದು. ಅಂಥ ಹಂಚಿನ ಮನೆಯೊಂದರಲ್ಲಿ, ಹಂಚಿನ ಮೇಲೆ ಮಳೆ ಬೀಳುವ ಸದ್ದಿನೊಡನೆ ಶ್ರುತಿಗೂಡಿಸುತ್ತ, ನನ್ನ ಅಣ್ಣನು ಐವತ್ತು ವರ್ಷ ಪಿಟೀಲು ನುಡಿಸಿದನು.

ಅವನು ಹೆಸರಾಂತ ಕಲಾವಿದನಲ್ಲ. ಕೀರ್ತನಕಾರರ ಹಿಂದೆ, ನಾಟಕದ ಮಂಡಳಿಗಳಲ್ಲಿ, ಊರ ಗಣೇಶೋತ್ಸವಗಳಲ್ಲಿ ನುಡಿಸಿದವನು. ಉಳಿದ ಹೊತ್ತಿನಲ್ಲಿ ಮಕ್ಕಳಿಗೆ ಪಾಠ ಹೇಳಿದವನು. ಆದರೆ ಕಿವಿಯಿದ್ದವರು ಅವನ ಗಜವನ್ನು ಮೆಚ್ಚಿಕೊಳ್ಳುತ್ತಿದ್ದರು. ಗಜವೆಂದರೆ ಆನೆಯಲ್ಲ, ಕುದುರೆಯ ಬಾಲದ ಕೂದಲನ್ನು ಬಿಗಿದ, ತಂತಿಯ ಮೇಲೆ ಎಳೆಯುವ ಕಮಾನು. ಒಂದೇ ಸ್ವರವನ್ನು ಅವನು ಉದ್ದ ಗಜದಲ್ಲಿ ಎಳೆಯುವನು. ಕಿರುಗಜದಲ್ಲಿ ಕಡಿದು ಕಡಿದು ಹಾಕುವನು. ಗಜವನ್ನು ಬದಿಗಿಟ್ಟು ಬೆರಳಿನಿಂದ ಮಿಡಿಯುವನು. ಗಜದ ತುದಿಯಿಂದ ನಡುಗಿಸುವನು. ಒಂದು ಸ್ವರದಿಂದ ಇನ್ನೊಂದಕ್ಕೆ ನಡುವಿನ ಎಲ್ಲವನ್ನೂ ಸವರಿಕೊಂಡು ಜಾರುವನು. ಈ ಕೊನೆಯದಕ್ಕೆ ನಮ್ಮ ಹಿಂದುಸ್ತಾನಿ ಪದ್ಧತಿಯಲ್ಲಿ ಮೀಂಡವೆನ್ನುವರು.

ಈಗ ಅವನಿಗೆ ಎಪ್ಪತ್ತನಾಲ್ಕು. ಮೂರು ವರ್ಷಗಳಿಂದ ಬಲಗೈಗೆ ಕಂಪವಾತವು ತಗುಲಿದೆ. “ತಮ್ಮಾ, ಶಾಸ್ತ್ರದಾಗ ಕಂಪಿತ ಅಂತ ಒಂದು ಗಮಕ ಅದ ಅಂತಿದ್ದೆಲ್ಲಾ, ಈಗ ನನ್ನ ಕೈಯಾಗ ಅದೊಂದs ಉಳದದ ನೋಡು,” ಎಂದು ನಗುವನು. ಅತ್ತಿಗೆಯವರು ಮಾತ್ರ ನಗುವುದಿಲ್ಲ.

ಅವನ ಬಳಿ ಒಂದು ಹಳೆಯ ವಹಿಯುಂಟು. ಅದರಲ್ಲಿ ಅರವತ್ತೊಂದು ಗತ್ತುಗಳು. ಕೆಲವು ಗುರುಗಳಿಂದ ಬಂದವು, ಹಲವು ಅವನೇ ಕಟ್ಟಿದವು. ಬರೆದಿರುವುದು ಕನ್ನಡ ಅಕ್ಷರಗಳಲ್ಲಿ, ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರ (1860–1936) ಪದ್ಧತಿಯಂತೆ. ಕೋಮಲ ಸ್ವರಕ್ಕೆ ಕೆಳಗೊಂದು ಅಡ್ಡಗೆರೆ, ತೀವ್ರ ಮಧ್ಯಮಕ್ಕೆ ಮೇಲೊಂದು ನಿಲುಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ, ಮೀಂಡಕ್ಕೆ ಸ್ವರಗಳ ತಲೆಯ ಮೇಲೆ ಕಮಾನು. ಮೊದಲ ಸಲ ಈ ವಹಿಯನ್ನು ಕಂಡಾಗ ನಾನು ಪಾಠಶಾಲೆಯ ಹುಡುಗ. ಅಣ್ಣನು ಗುಟ್ಟಾಗಿ ವೇದವನ್ನು ಬರೆದುಕೊಳ್ಳುತ್ತಿರುವನೆಂದೇ ತಿಳಿದಿದ್ದೆ! ಏಕೆಂದರೆ ಋಗ್ವೇದದ ಪುಸ್ತಕದಲ್ಲಿಯೂ ಅನುದಾತ್ತಕ್ಕೆ ಕೆಳಗೆ ಅಡ್ಡಗೆರೆ, ಸ್ವರಿತಕ್ಕೆ ಮೇಲೆ ನಿಲುಗೆರೆ. ಉದಾತ್ತಕ್ಕೆ ಯಾವ ಗುರುತೂ ಇಲ್ಲ. ಅರ್ಥ ಬೇರೆ, ಆದರೆ ಅಗತ್ಯವು ಒಂದೇ. ಅಕ್ಷರವೊಂದೇ ಸಾಲದೆಂದು ಕಂಡಾಗ ಮನುಷ್ಯನು ಅದರ ಮೇಲೂ ಕೆಳಗೂ ಗೆರೆ ಎಳೆಯತೊಡಗುವನು.

ಅಣ್ಣನು ಇನ್ನೂ ಮುಂದಕ್ಕೆ ಹೋಗಿದ್ದನು. ಭಾತಖಂಡೆಯವರ ಚಿಹ್ನೆಗಳು ಮುಖ್ಯವಾಗಿ ಹಾಡುವವರಿಗಾಗಿ ಆದವು. ಗಜದ ಮಾತು ಅವುಗಳಲ್ಲಿಲ್ಲ. ಆದುದರಿಂದ ಅವನು ತನ್ನವೇ ಆದ ಕೆಲವು ಗುರುತುಗಳನ್ನು ಕಲ್ಪಿಸಿಕೊಂಡಿದ್ದನು. ಉದ್ದ ಗಜಕ್ಕೆ ಈಳಿಗೆಯಂಥ ಗೆರೆ, ಕಿರುಗಜಕ್ಕೆ ಎಳ್ಳುಕಾಳಿನಂಥ ಚುಕ್ಕೆ, ಮಿಡಿತಕ್ಕೆ ಒಂದು ಕೊಕ್ಕೆ, ನಡುಕಕ್ಕೆ ನೀರಿನ ತೆರೆ.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. 1996ರ ದೀಪಾವಳಿಗೆ ನಾನು ಖಾನಾಪುರಕ್ಕೆ ಹೋಗಿದ್ದೆ. ಆಗ ನನಗೆ ಮೂವತ್ತು ತುಂಬಿತ್ತು. ಸಂಸ್ಕೃತದ ದೊಡ್ಡ ಪರೀಕ್ಷೆಯನ್ನು ಆಗತಾನೆ ಮುಗಿಸಿ, ಅದರ ಬಿಸಿಯು ಇನ್ನೂ ತಲೆಯಲ್ಲಿದ್ದ ಕಾಲ. ಫರಾಳ ತಿನ್ನುತ್ತ ವಹಿಯನ್ನು ತಿರುವಿ ಹಾಕಿ, ನಾಲ್ಕು ಜನರ ಮುಂದೆ, “ಅಣ್ಣಾ, ಈ ಕೊಕ್ಕಿ, ಚುಕ್ಕಿ, ತೆರಿ ಎಲ್ಲಾ ಯಾವ ಶಾಸ್ತ್ರದಾಗ ಅವ? ಇವಕ್ಕೇನೂ ಆಧಾರ ಇಲ್ಲ, ಹುಡುಗರ ಆಟ ಇದು,” ಎಂದುಬಿಟ್ಟೆ. ಅವನು ಏನೂ ಅನ್ನಲಿಲ್ಲ. ಚಕ್ಕುಲಿಯ ತಾಟನ್ನು ನನ್ನ ಕಡೆಗೆ ಸರಿಸಿ, ವಹಿಯನ್ನು ಎತ್ತಿಟ್ಟನು. ನಾನು ಆ ಮಾತನ್ನು ಅಂದೇ ಮರೆತೆ.

ಅವನು ಮರೆತಿರಲಿಲ್ಲ. ಹೋದ ಚೈತ್ರದಲ್ಲಿ ಅತ್ತಿಗೆಯವರು, “ಇದನ್ನ ಗೆದ್ದಲು ತಿನ್ನೂದರೊಳಗ ಏನರೆ ಮಾಡ್ರಿ, ಭಾವಾ,” ಎಂದು ವಹಿಯನ್ನು ನನ್ನ ಕೈಗೆ ಕೊಟ್ಟರು. ಮನೆಗೆ ತಂದು ತೆರೆದು ನೋಡುತ್ತೇನೆ: ಮೊದಲಿನ ನಲವತ್ತೆರಡು ಗತ್ತುಗಳಲ್ಲಿ ಅವನ ಗುರುತುಗಳು ತುಂಬಿ ತುಳುಕುತ್ತಿವೆ, ನಲವತ್ತಮೂರನೆಯದರಿಂದ ಕೊನೆಯವರೆಗೆ ಹತ್ತೊಂಬತ್ತು ಗತ್ತುಗಳಲ್ಲಿ ಒಂದೂ ಇಲ್ಲ. ಬರಿಯ ಸ್ವರಗಳು. ಕುಂಕುಮವಿಲ್ಲದ ಹಣೆಯಂತೆ ಆ ಪುಟಗಳು ನನ್ನನ್ನು ನೋಡಿದವು. ನಲವತ್ತಮೂರನೆಯ ಗತ್ತಿನ ಮೇಲೆ ಅವನ ಅಕ್ಷರದಲ್ಲಿಯೇ ತಾರೀಖಿದ್ದಿತು: ಅದೇ ದೀಪಾವಳಿಯ ಮರುತಿಂಗಳು.

ಏನು ಮಾಡಬೇಕೆಂದು ತಿಳಿಯದೆ ಕೆಲವು ದಿನ ಸುಮ್ಮನಿದ್ದೆ. ಆಮೇಲೆ ಮಗಳಿಗೆ ತೋರಿಸಿದೆ. ಅವಳು ಬೆಳಗಾವಿಯಲ್ಲಿಯೇ ಇಂಜಿನಿಯರಿಂಗ್ ಓದುತ್ತಿರುವಳು. ಬಿಡುವಿನಲ್ಲಿ ಕೀಬೋರ್ಡು ನುಡಿಸುವಳು. ಕ್ಯಾಂಪಿನ ಕಡೆಯ ಗೆಳತಿಯರಿಂದ ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿಯನ್ನೂ ಕಲಿತಿರುವಳು. “ಅಪ್ಪಾ, ಇದನ್ನ ಕಂಪ್ಯೂಟರಿನಾಗ ಹಾಕೋಣು. ಬರದಿದ್ದು ಛಾಪಿಸಿದಂಗೂ ಆಗ್ತದ, ನುಡಿಸಿ ಕೇಳಿದಂಗೂ ಆಗ್ತದ. ಮಿಡಿ ಅಂತ ಅದ,” ಎಂದಳು.

ಮಿಡಿ! ನಮ್ಮ ಭಾಷೆಯಲ್ಲಿ ಮಿಡಿಯೆಂದರೆ ಉಪ್ಪಿನಕಾಯಿಗೆ ಹಾಕುವ ಎಳೆಯ ಮಾವು. ಮಿಡಿಯೆಂದರೆ ತಂತಿಯನ್ನು ಬೆರಳಿನಿಂದ ಮೀಟುವುದು. ಈ ಮಿಡಿಯು ಅವೆರಡೂ ಅಲ್ಲ. ಇಂಗ್ಲಿಷಿನ ನಾಲ್ಕು ಮೊದಲಕ್ಷರಗಳಿಂದಾದ ಹೆಸರು. ಒಬ್ಬ ತಯಾರಕನ ವಾದ್ಯವು ಇನ್ನೊಬ್ಬನ ವಾದ್ಯದೊಡನೆ ಮಾತನಾಡಲೆಂದು 1983ರಲ್ಲಿ ಅಮೇರಿಕೆಯ ಮತ್ತು ಜಪಾನಿನ ವಾದ್ಯಕಾರರು ಕೂಡಿ ಜಾರಿಗೆ ತಂದ ಒಪ್ಪಂದವದು. ಅವರಲ್ಲಿ ಅಮೇರಿಕೆಯ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಎಂಬಿಬ್ಬರು ಮುಖ್ಯರು. ವಾಚಕರು ಮೊದಲು ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು: ಮಿಡಿಯ ತಂತಿಯಲ್ಲಿ ಹರಿಯುವುದು ನಾದವಲ್ಲ, ಬರಿಯ ಅಪ್ಪಣೆ. ‘60ನೆಯ ಸ್ವರವನ್ನು 90ರ ಬಲದಿಂದ ಒತ್ತು’, ‘60ನೆಯ ಸ್ವರವನ್ನು ಬಿಡು’, ಇಷ್ಟೇ. ಸ್ವರಗಳಿಗೆ 0ಯಿಂದ 127ರ ವರೆಗೆ ಅಂಕೆಗಳು. ಒತ್ತುವ ಬಲಕ್ಕೂ ಹಾಗೆಯೇ 127ರ ವರೆಗೆ ಅಂಕೆಗಳು. ನಾದವನ್ನು ಹೊರಡಿಸುವುದು ಆಚೆಯ ತುದಿಯಲ್ಲಿರುವ ಯಂತ್ರದ ಕೆಲಸ. ಮನೆಯೊಡತಿಯು ಕಿರಾಣಿ ಅಂಗಡಿಗೆ ಚೀಟಿ ಬರೆದು ಕಳಿಸಿದಂತೆ. ಚೀಟಿಯಲ್ಲಿ ಬೆಲ್ಲವಿಲ್ಲ, ಬೆಲ್ಲದ ಹೆಸರಿದೆ.

ಪ್ರತಿಯೊಂದು ಅಪ್ಪಣೆಯ ತಲೆಯ ಮೇಲೆ ಅದು ಯಾರಿಗೆ ಎಂಬ ವಿಳಾಸವೂ ಇರುವುದು. ಅದಕ್ಕೆ ಚಾನೆಲ್ ಎನ್ನುವರು, ಕಾಲುವೆಯೆಂದು ತಿಳಿದರಾಯಿತು. ವಿಳಾಸಕ್ಕಾಗಿ ಇಟ್ಟಿರುವ ಸ್ಥಳವು ಎರಡರ ಲೆಕ್ಕದ ನಾಲ್ಕು ಮನೆ ಮಾತ್ರ. ಎರಡನ್ನು ನಾಲ್ಕು ಸಲ ಗುಣಿಸಿದರೆ ಹದಿನಾರು. ಆದುದರಿಂದ ಒಂದು ತಂತಿಯಲ್ಲಿ 16 ಕಾಲುವೆಗಳು. ಒಂದೊಂದು ಕಾಲುವೆಗೆ ಒಂದೊಂದು ವಾದ್ಯದ ಧ್ವನಿಯನ್ನು ಕೊಡಬಹುದು. 1991ರಲ್ಲಿ 128 ಧ್ವನಿಗಳ ಒಂದು ಸಾಮಾನ್ಯ ಪಟ್ಟಿಯನ್ನು ಗೊತ್ತುಮಾಡಿದರು. ಅದರಲ್ಲಿ 41ನೆಯದು ಪಿಟೀಲು, 45ನೆಯದು ನಡುಗುವ ತಂತಿಗಳು, 46ನೆಯದು ಮಿಡಿದ ತಂತಿಗಳು. ತಾಳವಾದ್ಯಗಳಿಗೆಂದು 10ನೆಯ ಕಾಲುವೆಯನ್ನು ಮೀಸಲಿಟ್ಟರು. ಇದನ್ನು ಕೇಳಿದಾಗ ನನಗೆ ಅಚ್ಚರಿಯಾಯಿತು. ಒಂದೇ ವಾದ್ಯದ ಮೂರು ನುಡಿಸಾಣಿಕೆಗಳನ್ನು ಮೂರು ವಾದ್ಯಗಳೆಂದೇ ಎಣಿಸಿರುವರು!

ನಾವು ಮೊದಲು ಹಿಡಿದುದು ಭೀಮಪಲಾಸದ ಒಂದು ಗತ್ತನ್ನು. ಅದರ ಮೊದಲ ಸಾಲಿನಲ್ಲಿಯೇ ಷಡ್ಜದಿಂದ ಮಧ್ಯಮಕ್ಕೆ ಒಂದು ಮೀಂಡ. ಮಗಳು ತಂಬೂರಿಯ ಶ್ರುತಿಯನ್ನೂ ಪಿಟೀಲನ್ನೂ ಒಂದೇ ಕಾಲುವೆಯಲ್ಲಿ ಹಾಕಿ ನುಡಿಸಿದಳು. ಷಡ್ಜವು ಮೇಲೇರಿ ರಿಷಭದವರೆಗೆ ಹೋಗಿ ಗೋಡೆಗೆ ತಲೆ ಬಡಿದಂತೆ ನಿಂತಿತು. ವಿಚಾರಿಸಲು ಗೊತ್ತಾಯಿತು: ಸ್ವರವನ್ನು ಬಾಗಿಸುವ ಅಪ್ಪಣೆಯೊಂದುಂಟು, ಅದರೊಳಗೆ 16,384 ಮೆಟ್ಟಿಲುಗಳು. ಆದರೆ ಆ ಏಣಿಯು, ಬೇರೆ ಹೇಳದಿದ್ದರೆ, ಮೇಲಕ್ಕೆ ಎರಡು ಅರ್ಧಸ್ವರ, ಕೆಳಕ್ಕೆ ಎರಡು ಅರ್ಧಸ್ವರ, ಇಷ್ಟೇ ಎತ್ತರ. ಷಡ್ಜದಿಂದ ಮಧ್ಯಮಕ್ಕೆ ಐದು ಅರ್ಧಸ್ವರಗಳಾಗುವುವು. ಪಾಶ್ಚಾತ್ಯರ ಕೀಬೋರ್ಡಿಗೆ ಎರಡು ಸಾಕಾಗಿತ್ತು. ನಮ್ಮ ಮೀಂಡಕ್ಕೆ ಸಾಲದು. ಮಗಳು ಏಣಿಯನ್ನು ಹನ್ನೆರಡು ಅರ್ಧಸ್ವರಗಳಿಗೆ ಎತ್ತರಿಸಿದಳು.

ಆಗ ಇನ್ನೊಂದು ವಿನೋದವಾಯಿತು. ಪಿಟೀಲಿನ ಷಡ್ಜವು ಮಧ್ಯಮಕ್ಕೆ ಜಾರಿದೊಡನೆ ತಂಬೂರಿಯ ಷಡ್ಜ ಪಂಚಮಗಳೂ ಅದರ ಬೆನ್ನು ಹತ್ತಿ ಜಾರಿಬಿಟ್ಟವು! ನಾನು ಕಿವಿ ಮುಚ್ಚಿಕೊಂಡೆ. ಬಾಗಿಸುವ ಅಪ್ಪಣೆಯು ಒಂದು ಸ್ವರಕ್ಕಲ್ಲ, ಇಡೀ ಕಾಲುವೆಗೆ ಸಲ್ಲುವುದಂತೆ. ಒಂದೇ ನೊಗಕ್ಕೆ ಹೂಡಿದ ಎತ್ತುಗಳಲ್ಲಿ ಒಂದು ತಿರುಗಿದರೆ ಇನ್ನೊಂದೂ ತಿರುಗಲೇಬೇಕಷ್ಟೆ. ತಂಬೂರಿಗೆ ಬೇರೆ ಕಾಲುವೆಯನ್ನು ಕೊಟ್ಟ ಮೇಲೆ ಶ್ರುತಿಯು ಸ್ಥಿರವಾಗಿ ನಿಂತಿತು. ಈ ತೊಡಕನ್ನು ಕಳೆಯಲೆಂದೇ 2018ರಲ್ಲಿ ಒಂದೊಂದು ಸ್ವರಕ್ಕೂ ಒಂದೊಂದು ಕಾಲುವೆಯನ್ನು ಕೊಡುವ ಹೊಸ ಏರ್ಪಾಡು ಅಂಗೀಕೃತವಾಯಿತು; 2020ರಲ್ಲಿ ಮಿಡಿಯ ಎರಡನೆಯ ಆವೃತ್ತಿಯೂ ಬಂದಿತು. ನಮ್ಮ ಮನೆಯ ಯಂತ್ರಕ್ಕೆ ಹಳೆಯದೇ ಸಾಕಾಗಿತ್ತು.

ಇನ್ನು ನುಡಿಸುವ ರೀತಿಗಳ ಮಾತು. ಮಗಳು ಎಲ್ಲಿಂದಲೋ ಒಂದು ಒಳ್ಳೆಯ ಪಿಟೀಲಿನ ಧ್ವನಿಸಂಗ್ರಹವನ್ನು ತಂದಳು. ಅದರಲ್ಲಿ ಉದ್ದ ಗಜ, ಕಿರುಗಜ, ಮಿಡಿತ, ನಡುಕ ಎಲ್ಲವೂ ಒಂದೇ ಕಾಲುವೆಯಲ್ಲಿದ್ದವು. ಒಂದರಿಂದ ಇನ್ನೊಂದಕ್ಕೆ ಹೋಗಲು ಕೀಬೋರ್ಡಿನ ಎಡತುದಿಯಲ್ಲಿ, ಪಿಟೀಲಿಗೆ ಎಟುಕದಷ್ಟು ಕೆಳಗಿನ ಒಂದು ಮನೆಯನ್ನು ಒತ್ತಬೇಕು. ಆ ಮನೆಯು ತಾನು ನುಡಿಯುವುದಿಲ್ಲ. ಮುಂದಿನ ಸ್ವರಗಳನ್ನು ಹೇಗೆ ನುಡಿಯಬೇಕೆಂದು ಸೂಚಿಸುವುದು ಮಾತ್ರ. ಕೇಳಿದೊಡನೆ ನಾನು, “ಇದು ಪಾಣಿನಿಯ ಅನುಬಂಧ!” ಎಂದು ಕೂಗಿಬಿಟ್ಟೆ. ‘ಭಜ ಗೋವಿಂದಂ’ ಹೇಳುವ ಮನೆಗಳಲ್ಲೆಲ್ಲ ‘ಡುಕೃಞ್’ ಎಂಬ ಹೆಸರು ಕಿವಿಗೆ ಬಿದ್ದಿರುವುದು. ಅದರಲ್ಲಿ ಧಾತುವು ‘ಕೃ’ ಮಾತ್ರ, ಮಾಡು ಎಂದರ್ಥ. ಮುಂದಿನ ‘ಡು’ ಹಿಂದಿನ ‘ಞ್’ ಎರಡೂ ಉಚ್ಚಾರಕ್ಕೆ ಬರುವವಲ್ಲ. ಈ ಧಾತುವಿಗೆ ಇಂಥ ಪ್ರತ್ಯಯವು ಬರಬಹುದು, ಇದು ಎರಡು ಪದಗಳಲ್ಲಿಯೂ ನಡೆಯುವುದು ಎಂದು ಸೂಚಿಸಿ, ತಮ್ಮ ಕೆಲಸ ಮುಗಿದೊಡನೆ ಲೋಪವಾಗಿ ಹೋಗುವ ಅಕ್ಷರಗಳವು. ಪಾಣಿನಿಯು ಎರಡು ಸಾವಿರ ವರ್ಷಗಳಿಗೂ ಹಿಂದೆ ಕಂಡ ಉಪಾಯವೇ ಯಂತ್ರದೊಳಗೆ ಬಂದು ಕುಳಿತಿದೆಯೆಂದು ಹಿಗ್ಗಿದೆ.

ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಸ್ವರಲಿಪಿಯನ್ನು ಛಾಪಿಸಿ ತೆಗೆದಾಗ ಪ್ರತಿಯೊಂದು ಸಾಲಿನ ಕೆಳಗೆ, ಬಾವಿಯೊಳಗೆ ಬಿದ್ದ ಕೊಡಗಳಂತೆ, ವಿಚಿತ್ರವಾದ ಮಂದ್ರಸ್ವರಗಳು ತೂಗಾಡುತ್ತಿದ್ದವು. ಅವು ಆ ಸೂಚನೆಯ ಮನೆಗಳೇ. ಯಂತ್ರವು ಅವನ್ನು ನುಡಿಯಲಿಲ್ಲ, ನಿಜ. ಆದರೆ ಛಾಪಿಸುವ ತಂತ್ರಾಂಶಕ್ಕೆ ಲೋಪದ ಸೂತ್ರವು ತಿಳಿಯದು. ಅದು ‘ಕೃ’ದ ಜೊತೆಗೆ ‘ಡು’ ‘ಞ್’ಗಳನ್ನೂ ಕಾಗದದ ಮೇಲಿಟ್ಟಿತು. ಅದನ್ನು ನೋಡಿ ನುಡಿಸುವ ಹುಡುಗಿಯು ಇಲ್ಲದ ಸ್ವರಕ್ಕಾಗಿ ತಂತಿಯನ್ನು ತಡಕಾಡಬೇಕು.

“ಹಂಗಾರ ಕಾಲುವಿ ಬ್ಯಾರೆ ಮಾಡೋಣು,” ಎಂದಳು ಮಗಳು. 1ರಲ್ಲಿ ಉದ್ದ ಗಜ, 2ರಲ್ಲಿ ಕಿರುಗಜ, 3ರಲ್ಲಿ ಮಿಡಿತ, 4ರಲ್ಲಿ ನಡುಕ, 5ರಲ್ಲಿ ಮೀಂಡ, 6ರಲ್ಲಿ ತಂಬೂರಿ, 10ರಲ್ಲಿ ತಬಲಾ. ಈಗ ಸುಳ್ಳುಸ್ವರಗಳ ಕಾಟವು ತಪ್ಪಿತು. ಆದರೆ ಛಾಪಿಸಿದಾಗ ಒಂದು ಪಿಟೀಲಿಗೆ ಐದು ಸಾಲುಗಳಾದವು. ಒಂದೊಂದರಲ್ಲಿಯೂ ನಾಲ್ಕಾರು ಸ್ವರ, ಉಳಿದುದೆಲ್ಲ ಖಾಲಿ. ವಾಕ್ಯದ ಕರ್ತೃವು ಒಂದು ಪುಟದಲ್ಲಿ, ಕರ್ಮವು ಇನ್ನೊಂದರಲ್ಲಿ, ಕ್ರಿಯಾಪದವು ಮಗುದೊಂದರಲ್ಲಿ ಇದ್ದರೆ ಓದುವವನ ಪಾಡೇನು? ಅಣ್ಣನ ವಹಿಯಲ್ಲಿ ಇದೆಲ್ಲವೂ ಒಂದೇ ಸಾಲಿನಲ್ಲಿ ಎಷ್ಟು ಸಲೀಸಾಗಿ ಕುಳಿತಿದ್ದಿತು!

ಎರಡು ವಾರ ಹೆಣಗಿದ ಮೇಲೆ ಮಗಳಿಗೆ ದಾರಿಯು ಹೊಳೆಯಿತು. ನಾವು ಈವರೆಗೆ ಯಂತ್ರಕ್ಕೆ ನುಡಿಸುವುದನ್ನು ಹೇಳಿಕೊಟ್ಟು, ಅದರಿಂದ ಲಿಪಿಯನ್ನು ತೆಗೆಯಲು ಹೋಗಿದ್ದೆವು. ಅದು ತಲೆಕೆಳಗಾದ ಕ್ರಮ. ಮೊದಲು ಒಂದೇ ಸಾಲಿನಲ್ಲಿ ಗತ್ತನ್ನು ಬರೆಯಬೇಕು. ಸ್ವರದ ಮೇಲೆ ಮಿಡಿತವೆಂದೋ ನಡುಕವೆಂದೋ ಗುರುತಿಡಬೇಕು. ಆ ಗುರುತನ್ನು ಕಂಡ ಯಂತ್ರವು ಆ ಸ್ವರಗಳನ್ನು ತಾನೇ 3ನೆಯ ಅಥವಾ 4ನೆಯ ಕಾಲುವೆಗೆ ಹರಿಸಬೇಕು. ಲಿಪಿಯು ಯಜಮಾನನಾಗಿರಬೇಕು, ಕಾಲುವೆಯು ಆಳಾಗಿರಬೇಕು. ಹೀಗೆ ಮಾಡಿದ ಮೇಲೆ ಕಾಗದವೂ ಶುದ್ಧವಾಯಿತು, ಕಿವಿಗೂ ಬೇರೆ ಬೇರೆ ರೀತಿಗಳು ಕೇಳಿಸಿದವು. ಐದು ಗೆರೆಗಳ ಕೆಳಗೆ, ಹಾಡಿನ ಸಾಹಿತ್ಯವನ್ನು ಬರೆಯುವ ಸ್ಥಳದಲ್ಲಿ, ಕನ್ನಡದಲ್ಲಿ ಸ ರಿ ಗ ಮ ಎಂದು ಬರೆದೆವು. ಕ್ಯಾಂಪಿನ ಹುಡುಗರಿಗೂ ಸರಿ, ಖಾನಾಪುರದ ಹುಡುಗಿಗೂ ಸರಿ.

ಈ ಗುರುತುಗಳಿಗೆ ಶಾಸ್ತ್ರಶುದ್ಧವಾದ ಹೆಸರುಗಳನ್ನು ಕೊಡಬೇಕೆಂದು, ಹಳೆಯ ಚಟದಂತೆ, ನಾನು ಪುಸ್ತಕಗಳನ್ನು ತೆಗೆದು ಕುಳಿತೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ತಿರಿಪ, ಸ್ಫುರಿತ, ಕಂಪಿತ, ಲೀನ, ಆಂದೋಲಿತ ಮೊದಲಾಗಿ ಹದಿನೈದು ಗಮಕಗಳನ್ನು ಹೇಳಿರುವನೆಂಬುದು ನನಗೆ ಗೊತ್ತಿತ್ತು. ಅಲ್ಲಿಂದ ಮುಂದೆ ಸೋಮನಾಥನ ರಾಗವಿಬೋಧಕ್ಕೆ ಬಂದೆ. ಅದು 1609ರ ಗ್ರಂಥ. ಅದರಲ್ಲಿ ಸೋಮನಾಥನು ರಾಗಗಳ ರೂಪವನ್ನು ವೀಣೆಗಾಗಿ ಸ್ವರಗಳಲ್ಲಿ ಬರೆದುಕೊಡುವನು. ಅಷ್ಟೇ ಅಲ್ಲ, ತಂತಿಯನ್ನು ಮಿಡಿಯುವ, ಎಳೆಯುವ, ಜಾರಿಸುವ, ತಡೆಯುವ ಇಪ್ಪತ್ತಕ್ಕೂ ಹೆಚ್ಚು ವಾದನಭೇದಗಳಿಗೆ ಒಂದೊಂದು ಗುರುತನ್ನು ತಾನೇ ಕಲ್ಪಿಸಿ, ಸ್ವರಗಳ ಜೊತೆಗೆ ಇಡುವನು. ನನ್ನ ಕೈಯಲ್ಲಿದ್ದ ಪುಸ್ತಕವು ಹಾಗೆಯೇ ಮಡಿಲಿಗೆ ಜಾರಿತು. ಅಣ್ಣನ ಕೊಕ್ಕೆ, ಚುಕ್ಕೆ, ತೆರೆಗಳಿಗೆ ಯಾವ ಶಾಸ್ತ್ರದಲ್ಲಿ ಆಧಾರವೆಂದು ಕೇಳಿದ್ದೆನಲ್ಲವೆ? ಉತ್ತರವು ನಾಲ್ಕು ನೂರು ವರ್ಷಗಳಿಂದ ಸಂಸ್ಕೃತದಲ್ಲಿಯೇ ಇದ್ದಿತು. ಸಂಸ್ಕೃತ ಬಾರದ ಅಣ್ಣನು ಅದನ್ನು ತನ್ನ ಕೈಯಿಂದ ಕಂಡುಕೊಂಡಿದ್ದನು. ಸಂಸ್ಕೃತ ಬಲ್ಲ ನಾನು ನೋಡಿರಲಿಲ್ಲ. 1904ರಲ್ಲಿ ಎಟ್ಟಯಾಪುರದಿಂದ ಹೊರಟ ಸುಬ್ಬರಾಮ ದೀಕ್ಷಿತರ ಸಂಗೀತ ಸಂಪ್ರದಾಯ ಪ್ರದರ್ಶಿನಿಯಲ್ಲಿಯೂ ಒಂದೊಂದು ಗಮಕಕ್ಕೆ ಒಂದೊಂದು ಚಿಹ್ನೆಯಿದೆ. ಹುಡುಗರ ಆಟವೆಂದವನೇ ಹುಡುಗನಾಗಿದ್ದನು.

ಮರುದಿನವೇ, ಆಷಾಢದ ಒಂದು ಆದಿತ್ಯವಾರ, ಮಗಳನ್ನೂ ಅವಳ ಯಂತ್ರವನ್ನೂ ಕರೆದುಕೊಂಡು ಖಾನಾಪುರಕ್ಕೆ ಹೋದೆ. ಅಣ್ಣನು ಪಡಸಾಲೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದನು. ಮಿರಜದಿಂದ ತಂದ ಅವನ ತಂಬೂರಿಯು ಗವಸು ತೊಟ್ಟು ಮೂಲೆಯಲ್ಲಿ ನಿಂತಿತ್ತು. ನಾನು ಬೇರೆ ಪೀಠಿಕೆಯನ್ನು ಹಾಕಲಿಲ್ಲ. “ಅಣ್ಣಾ, ನಾನು ಆವತ್ತು ಅಂದದ್ದು ತಪ್ಪು. ಶಾಸ್ತ್ರದಾಗ ಆಧಾರ ಅದ. ನನಗs ಗೊತ್ತಿರಲಿಲ್ಲ,” ಎಂದು ಸೋಮನಾಥನ ಸಂಗತಿಯನ್ನೆಲ್ಲ ಹೇಳಿದೆ. ಅವನು ಬಹಳ ಹೊತ್ತು ಅಂಗಳದ ಮಳೆಯನ್ನು ನೋಡಿದನು. “ಆಧಾರ ಇರಲಿಲ್ಲಂದ್ರ ತಪ್ಪು ಆಗ್ತಿರಲಿಲ್ಲೇನೋ?” ಎಂದನು. ನನಗೆ ಉತ್ತರ ಹೊಳೆಯಲಿಲ್ಲ, ಈಗಲೂ ಹೊಳೆದಿಲ್ಲ. ಆಮೇಲೆ ಅವನೇ, “ಇರಲಿ ಬಿಡು. ಆ ಪೆಟ್ಟಿಗಿ ಏನು ಅನ್ನತದ ಕೇಳೋಣು,” ಎಂದನು.

ಮಗಳು ಭೀಮಪಲಾಸದ ಗತ್ತನ್ನು ನುಡಿಸಿದಳು. ಅಣ್ಣನು ಕಣ್ಣು ಮುಚ್ಚಿ ಪೂರ್ತಿಯಾಗಿ ಕೇಳಿ ಹೇಳಿದನು: “ಗೌರಿ ಹುಣ್ಣಿಮಿ ಸಕ್ಕರಿ ಆರತಿಯೊಳಗಿನ ಆನಿ ಇದ್ದಂಗ ಅದವಾ ಮಗಳs. ಆನಿ ಹೌದು; ನಡಿಯೂದಿಲ್ಲ.” ಅವಳ ಮುಖವು ಬಾಡಿತು. ಅವನೇ ಮತ್ತೆ, “ಆದ್ರ ಗುರುತು ಒಂದೂ ತಪ್ಪಿಲ್ಲ. ಎಲ್ಲೆ ಮಿಡೀಬೇಕು, ಎಲ್ಲೆ ಎಳೀಬೇಕು, ಎಲ್ಲಾ ಬರೊಬ್ಬರಿ ಅದ,” ಎಂದನು. ಮೀಂಡವು ಎಲ್ಲ ಕಡೆಗೂ ಒಂದೇ ವೇಗದಿಂದ ಏರುತ್ತಿದ್ದುದು ಅವನಿಗೆ ಸರಿಬರಲಿಲ್ಲ. ಗಾಂಧಾರದ ಹತ್ತಿರ ಒಂದಿಷ್ಟು ನಿಧಾನಿಸಿ, ಮಧ್ಯಮವನ್ನು ಕೆಳಗಿನಿಂದ ಮೆಲ್ಲಗೆ ಮುಟ್ಟಬೇಕೆಂದು ಬಾಯಿಂದ ಹಾಡಿ ತೋರಿಸಿದನು. ಮಗಳು ಆ ಏಣಿಯ ಮೆಟ್ಟಿಲುಗಳನ್ನು ತೆರೆಯ ಮೇಲೆ ಅಷ್ಟಷ್ಟೇ ಬಾಗಿಸಿ ಸರಿಮಾಡಿದಳು. ಆನೆಯು ಒಂದು ಹೆಜ್ಜೆ ನಡೆದಂತಾಯಿತು.

ಆಗ ನಾನು ವಹಿಯ ಬೋಳುಪುಟಗಳನ್ನು ತೆರೆದು ಅವನ ಮುಂದಿಟ್ಟೆ. “ಇವಕ್ಕ ಗುರುತು ಹಾಕಿಕೊಡು.” ಅವನು ಪೆನ್ಸಿಲನ್ನು ಹಿಡಿದನು, ಕೈಯು ನಡುಗಿ ಕಾಗದದ ಮೇಲೆ ಎಲ್ಲವೂ ನೀರಿನ ತೆರೆಯೇ ಆಯಿತು. ಪಿಟೀಲನ್ನು ನುಡಿಸಿ ತೋರಿಸುವ ಮಾತಂತೂ ಇಲ್ಲ. ಅವನು ಪೆನ್ಸಿಲನ್ನು ಕೆಳಗಿಟ್ಟನು. ಅತ್ತಿಗೆಯವರು ಒಳಗೆ ಹೋದರು.

ಇಲ್ಲಿಯೇ ನೋಡಿರಿ, ಬೇರೆ ಬೇರೆಯಾಗಿ ತೆಗೆದ ಆ ಕಾಲುವೆಗಳು ಕೆಲಸಕ್ಕೆ ಬಂದುವು. ಮಗಳು ನಲವತ್ತಮೂರನೆಯ ಗತ್ತಿನ ಮೊದಲ ನಾಲ್ಕು ಸ್ವರಗಳನ್ನು ಹಾಕಿ, “ದೊಡ್ಡಪ್ಪಾ, ನೀವು ಬರೀ ಬಟ್ಟೆತ್ತರಿ ಸಾಕು,” ಎಂದಳು. ಅವೇ ನಾಲ್ಕು ಸ್ವರಗಳು 1ರಲ್ಲಿ ಉದ್ದ ಗಜವಾಗಿ ಕೇಳಿಸಿದವು, ಅಣ್ಣನು ತಲೆಯಲ್ಲಾಡಿಸಿದನು. 2ರಲ್ಲಿ ಕಿರುಗಜ, ಅಲ್ಲವೆಂದನು. 3ರಲ್ಲಿ ಮಿಡಿತ, ಎಡಗೈಯ ತೋರುಬೆರಳು ಮೇಲೆದ್ದಿತು. ಅವಳು ಗುರುತಿಟ್ಟು ಮುಂದಿನ ನಾಲ್ಕು ಸ್ವರಗಳಿಗೆ ಹೋದಳು. ಬರೆಯಲಾರದ, ನುಡಿಸಲಾರದ ಮನುಷ್ಯನು ಕೇಳಿ ಆರಿಸಬಲ್ಲನು. ಆರಿಸಿದುದು ಆ ಕ್ಷಣವೇ ಅಚ್ಚಾದ ಲಿಪಿಯಾಗಿ ನಿಲ್ಲುವುದು. ಒಂದೇ ಕಾಲುವೆಯಲ್ಲಿ ಎಲ್ಲವನ್ನೂ ಕಲಸಿದ್ದರೆ ಇದು ಸಾಗುತ್ತಿರಲಿಲ್ಲ.

ಆ ದಿನ ಎರಡು ಗತ್ತುಗಳಾದವು. ಅಲ್ಲಿಂದ ಏಳು ಆದಿತ್ಯವಾರ ನಾವು ತಪ್ಪದೆ ಹೋದೆವು. ಮೂರನೆಯ ವಾರದಿಂದ ಅಣ್ಣನ ಕೊನೆಯ ಶಿಷ್ಯೆಯಾದ ಹುಡುಗಿಯೊಬ್ಬಳು, ಹೊಳೆಯಾಚೆಯ ಹಳ್ಳಿಯವಳು, ಬಸ್ಸು ಬಂದ ದಿನ ಬಂದು ಕುಳಿತುಕೊಳ್ಳತೊಡಗಿದಳು. ಛಾಪಿಸಿದ ಹಾಳೆಯನ್ನು ಮುಂದಿಟ್ಟುಕೊಂಡು ಅವಳು ಅಣ್ಣನದೇ ಪಿಟೀಲಿನಲ್ಲಿ ನುಡಿಸುವಳು. ಅವನು ಬಾಯಿಂದ ತಿದ್ದುವನು. ಯಂತ್ರವು ಮಾಡಲಾರದೆ ಬಿಟ್ಟುದನ್ನು ಅವಳ ಗಜವು ಮಾಡತೊಡಗಿತು. ಗುರುತೆಂಬುದು ಒಮ್ಮೆ ಕೇಳಿದವರಿಗೆ ಮಾತ್ರ ನೆನಪು ಕೊಡುವ ವಸ್ತು; ಕೇಳದವರಿಗೆ ಅದು ಬರಿಯ ಕೊಕ್ಕೆ. ಆದರೆ ಗುರುತೇ ಇಲ್ಲದಿದ್ದರೆ ಕೇಳಿದವರೂ ನಾಳೆ ಮರೆಯುವರು.

ಕೊನೆಯ ವಾರ ಹದಿನೆಂಟು ಗತ್ತುಗಳು ಮುಗಿದು ಒಂದು ಉಳಿಯಿತು. ಅರವತ್ತೊಂದನೆಯದು, ದುರ್ಗಾ ರಾಗದಲ್ಲಿ ಅವನು ಕಟ್ಟಿದ ಕಟ್ಟಕಡೆಯದು. ಮಗಳು ಮೊದಲ ಸ್ವರಗಳನ್ನು ಒಂದೊಂದೇ ಕಾಲುವೆಯಲ್ಲಿ ಕೇಳಿಸಿದಳು. 1, 2, 3, 4, 5. ಅವನು ಬೆರಳನ್ನು ಎತ್ತಲಿಲ್ಲ. ಮತ್ತೆ ಕೇಳಿಸಿದಳು. ಅವನು ಹುಡುಗಿಯ ಕಡೆಗೆ ತಿರುಗಿ, “ಇದನ್ನ ನಾನು ಹೇಳೂದಿಲ್ಲ. ನೀನು ನಿನಗ ತಿಳದಂಗ ನುಡಸು, ಹತ್ತು ವರ್ಷ ನುಡಿಸಿದ ಮ್ಯಾಲೆ ನೀನs ಗುರುತು ಹಾಕು,” ಎಂದನು. ನಾನು, ಪಾಠಾಂತರದ ಭಯವುಳ್ಳ ಮಾಸ್ತರನು, ಬಾಯಿ ತೆರೆಯುವವನಿದ್ದೆ. ಹಿಂದಿನ ದೀಪಾವಳಿಯು ನೆನಪಾಗಿ ಸುಮ್ಮನಾದೆ.

ಈಗ ಅರವತ್ತೊಂದು ಗತ್ತುಗಳ ಪುಸ್ತಕವು ಸಿದ್ಧವಾಗಿದೆ. ಅದರ ಮೊದಲ ಹಾಳೆಯಲ್ಲಿ ಅಣ್ಣನ ಗುರುತುಗಳನ್ನೂ ಅವುಗಳ ಅರ್ಥವನ್ನೂ ಬರೆದಿರುವೆನು. ಇದನ್ನು ಓದುವ ಗೃಹಸ್ಥರಲ್ಲಿ ನನ್ನದೊಂದು ಪ್ರಾರ್ಥನೆ. ನಿಮ್ಮ ಮನೆಗಳಲ್ಲಿಯೂ ಇಂಥ ವಹಿಗಳಿರಬಹುದು: ಅಜ್ಜಿಯ ಹಾಡಿನದು, ಸೋದರತ್ತೆಯ ರಂಗೋಲಿಯದು, ಅಜ್ಜನ ಔಷಧಿಯದು. ಅವುಗಳಲ್ಲಿ ನಿಮಗೆ ತಿಳಿಯದ ಚುಕ್ಕೆ ಗೆರೆಗಳಿದ್ದರೆ, ಅವುಗಳಿಗೆ ಆಧಾರವೇನೆಂದು ಕೇಳಬೇಡಿರಿ. ಅರ್ಥವೇನೆಂದು ಕೇಳಿರಿ, ಕೇಳಿ ಬದಿಯಲ್ಲಿ ಬರೆದಿಡಿರಿ. ಯಂತ್ರವು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಪೆನ್ಸಿಲು ಸಾಕು. ಹೇಳುವವರು ಇರುವಾಗಲೇ ಕೇಳುವುದು ಮಾತ್ರ ಅಗತ್ಯ.

ಮುಂದಿನ ಆದಿತ್ಯವಾರ ಕೆಲಸವೇನೂ ಇಲ್ಲ. ಆದರೂ ಖಾನಾಪುರಕ್ಕೆ ಹೋಗಬೇಕೆಂದಿರುವೆನು. ಆ ಹುಡುಗಿಯು ಅರವತ್ತೊಂದನೆಯದನ್ನು ಹೇಗೆ ನುಡಿಸುತ್ತಾಳೋ ಕೇಳಬೇಕಾಗಿದೆ.